ಟಿ.ವಿ. ದುಡ್ಡು ಮತ್ತು ನಮ್ಮ ಹಾಕಿ ಚಾಚಾ

ಅಮೆರಿಕನ್ ಫುಟ್‌ಬಾಲ್ ಕಂಡರೆ ನಮ್ಮ ಎದುರು ಮನೆಯ ಅಂಕಲ್‌ಗೆ ಅಷ್ಟಕ್ಕಷ್ಟೆ. ಶನಿವಾರ ಬಂತೆಂದರೆ ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಗಂಡಸರ ದಂಡು ಕೂತಿರುತ್ತಿತ್ತು. ಹಿತ್ತಲಲ್ಲಿ ಬೆಳೆದ ಕೊತ್ತಂಬರಿ ಸೊಪ್ಪು ಕೊಡಲೆಂದೋ, ಏಣಿ ಕೇಳಲೆಂದೋ ಬಂದ ಅವರು ಬಾಗಿಲಲ್ಲೇ ನಿಂತು ಒಂದಷ್ಟು ಹೊತ್ತು ನೋಡಿ, ನನ್ನ ಗಂಡನ ಕಡೆ ತಿರುಗಿ, "ಇದೇನ್ ಆಟಾನಪ್ಪಾ? ಐದು ಸೆಕೆಂಡ್ ಓಡ್ತಾರೆ, ಐದು ನಿಮಿಷ ಮೀಟಿಂಗ್ ಮಾಡ್ತಾರೆ. ನಿನ್ನ ಆಫೀಸ್ ಥರಾನೇ ಇದೆ," ಎನ್ನುತ್ತಿದ್ದರು. ಸೋಫಾದ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಗಂಡನಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಮೇರಿಲ್ಯಾಂಡಿನ ಗೈದರ್ಸ್‌ಬರ್ಗಿನಲ್ಲಿ, ಮಗನ ಮನೆಯಲ್ಲಿ. ಸುದ್ದಿ ಬಂದಾಗ ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಮ್ಯೂಟ್ ಮಾಡಿಕೊಂಡು ಅತ್ತೆ. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇರಲಿಲ್ಲವೆನ್ನಿ. ನಮಗೆ ಅಂಕಲ್, ನಮ್ಮ ಮಕ್ಕಳಿಗೆ ಚಾಚಾ. ಅವರು ಹಾಕಿ ಕಲಿಸುತ್ತಿದ್ದ ಕಾಲೇಜಿನ ಅಮೆರಿಕನ್ ಹುಡುಗಿಯರಿಗೂ ಚಾಚಾನೇ. ಆ ಹುಡುಗಿಯರ ಬಾಯಲ್ಲಿ ಅದು ಯಾವುದೋ ಡ್ಯಾನ್ಸಿನ ಹೆಸರಿನಂತೆ ಕೇಳುತ್ತಿತ್ತು.

ಮೂಲ ಬೆಂಗಳೂರಿನ ಶಾಂತಿನಗರ. ಹಾಕಿ ಆಡುತ್ತಿದ್ದರೆಂಬ ಒಂದೇ ಕಾರಣಕ್ಕೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಸ್ಟೋರ್ಸಿನಲ್ಲಿ ಗುಮಾಸ್ತ, ಮಧ್ಯಾಹ್ನದ ಮೇಲೆ ಕಾರ್ಖಾನೆ ತಂಡದ ಗೋಲ್‌ಕೀಪರ್. ಆಗಿನ ಮಣ್ಣು ಮೈದಾನದಲ್ಲಿ ಚೆಂಡು ಯಾವ ಕಡೆ ನೆಗೆಯುತ್ತದೋ ದೇವರಿಗೇ ಗೊತ್ತು; ಮುಂದಿನ ಹಲ್ಲುಗಳು ಕಟ್ಟಿಸಿದ ಹಲ್ಲುಗಳಾಗಿದ್ದವು. "ಇವು ಕಾರ್ಖಾನೆ ಖರ್ಚಿನ ಹಲ್ಲು," ಎಂದು ಜಂಬದಿಂದ ತೋರಿಸುತ್ತಿದ್ದರು. ಆಮೇಲೆ ಕಾರ್ಖಾನೆ ನಷ್ಟಕ್ಕೆ ಬಿತ್ತು. ಮೊದಲು ಕ್ಯಾಂಟೀನಿನ ಸಾಂಬಾರು ನೀರಾಯಿತಂತೆ, ಆಮೇಲೆ ಓವರ್‌ಟೈಮ್ ನಿಂತಿತಂತೆ, ಕಡೆಗೆ ಹಾಕಿ ತಂಡವನ್ನೇ ಮುಚ್ಚಿದರಂತೆ. ಇಷ್ಟು ಹೇಳಿ ಮುಗಿಸುವಾಗ ಅವರು ಎರಡೂ ಅಂಗೈ ಉಜ್ಜಿಕೊಳ್ಳುತ್ತಿದ್ದರು.

ಅಮೆರಿಕಕ್ಕೆ ಬಂದದ್ದು ಹೆಂಡತಿಯ ದೆಸೆಯಿಂದ. ಆಂಟಿ ಸೂಕ್ಷ್ಮಜೀವಿಶಾಸ್ತ್ರ ಓದಿದವರು. ನಮ್ಮೂರಿನ ಪಕ್ಕ, ಲ್ಯಾಬುಗಳೇ ತುಂಬಿರುವ ರಿಸರ್ಚ್ ಟ್ರಯಾಂಗಲ್ ಕಡೆ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಬಂದರು. "ನಾನು ಸೂಟ್‌ಕೇಸ್ ಎತ್ತಕ್ಕೆ ಬಂದೋನು," ಎನ್ನುತ್ತಿದ್ದರು ಅಂಕಲ್. ಆಟದ ಸಾಮಾನಿನ ಒಂದು ಅಂಗಡಿಗೆ ಕೆಲಸಕ್ಕೆ ಸೇರಿದರು. ಇಲ್ಲಿ ಕಾಲೇಜುಗಳಲ್ಲಿ ಹಾಕಿ ಆಡುವುದು ಹುಡುಗಿಯರು. ಒಂದು ದಿನ ನಮ್ಮ ಪಕ್ಕದ ಕಾಲೇಜಿನ ಹೆಡ್ ಕೋಚ್, ಗಟ್ಟಿ ದನಿಯ ಹೆಂಗಸು, ಗೋಲ್‌ಕೀಪರಿಗೆ ಪ್ಯಾಡು ಕೊಳ್ಳಲು ಬಂದಿದ್ದಳು. ಇವರು ಪ್ಯಾಡನ್ನು ಅವಳ ಕೈಯಿಂದ ತೆಗೆದುಕೊಂಡು ವಾಪಸ್ ಕಪಾಟಿಗೆ ಇಟ್ಟರಂತೆ. "ಇದು ಹಾಕಿದ್ರೆ ಹುಡುಗಿ ಮಂಡಿ ಹೋಗ್ತದೆ ಮೇಡಂ," ಎಂದರಂತೆ. ಅಂಗಡಿಯ ಮ್ಯಾನೇಜರು ಬೈದ, ಹೆಡ್ ಕೋಚ್ ಫೋನ್ ನಂಬರ್ ಕೇಳಿದಳು. ಅಲ್ಲಿಂದ ಶುರುವಾದದ್ದು, ಗೋಲ್‌ಕೀಪಿಂಗ್ ಕೋಚ್, ಪಾರ್ಟ್ ಟೈಮ್. ಸಂಬಳ ಅಷ್ಟಿಷ್ಟೆ. ಮನೆ ನಡೆಯುತ್ತಿದ್ದದ್ದು ಆಂಟಿಯ ಲ್ಯಾಬಿನಿಂದಲೇ.

ಅವರು ಕಲಿಸುವ ರೀತಿ ಹೇಳಬೇಕು. ಚೆಂಡು ನೋಡು ಎಂದು ಎಲ್ಲರೂ ಹೇಳುತ್ತಾರೆ. ಇವರು, "ಚೆಂಡು ಸುಳ್ಳು ಹೇಳ್ತದೆ, ಹೊಡೆಯೋಳ ಭುಜ ನೋಡು," ಎನ್ನುವರು. ಗೋಲು ಬಿಟ್ಟುಕೊಟ್ಟ ಹುಡುಗಿಗೆ ಅಲ್ಲೇ ಕೂಗಿ ಬುದ್ಧಿ ಹೇಳುತ್ತಿರಲಿಲ್ಲ. ಬೇರೆ ಊರಿನ ಮ್ಯಾಚುಗಳಿಗೆಲ್ಲ ಬಸ್ಸಿನಲ್ಲಿ ಹೋಗುತ್ತಿದ್ದರು. ವಾಪಸ್ ಬರುವಾಗ ಮುಂದಿನ ಸೀಟು ಗೋಲ್‌ಕೀಪರಿಗೆ, ಪಕ್ಕದ ಸೀಟು ಇವರಿಗೆ. ಅದು ಅವರಿಬ್ಬರ ಕಟ್ಟಳೆ. ತಾನು ಬಿಟ್ಟ ಗೋಲುಗಳನ್ನು ಹುಡುಗಿಯೇ ಮೊದಲಿನಿಂದ ಹೇಳಬೇಕು. ಅವಳು ಅತ್ತರೂ ಸರಿ, ಬೈದುಕೊಂಡರೂ ಸರಿ, ಎಲ್ಲ ಮುಗಿಯುವವರೆಗೆ ಇವರು ತುಟಿ ಪಿಟಕ್ಕೆನ್ನುವುದಿಲ್ಲ. ಅವಳ ಮಾತು ಖಾಲಿಯಾದ ಮೇಲೆ ಜೇಬಿನಿಂದ ಕಾಂಗ್ರೆಸ್ ಕಡಲೆಕಾಯಿಯ ಪೊಟ್ಟಣ ತೆಗೆದು ಅವಳ ಕೈಗೆ ಸುರಿದು, ಆಮೇಲೆ ತಮ್ಮ ಮಾತು ಶುರು ಮಾಡುವರು. ಊರು ಬರುವಷ್ಟರಲ್ಲಿ ಹುಡುಗಿ ಹಗುರಾಗಿರುತ್ತಿದ್ದಳು. ಆ ಕಾಲೇಜಿನ ಗೋಲ್‌ಕೀಪರುಗಳಿಗೆಲ್ಲ ಇಂಗು ಒಗ್ಗರಣೆಯ ಖಾರ ಚೆನ್ನಾಗಿ ಗೊತ್ತಿತ್ತು.

ವಸಂತದ ಪ್ರಾಕ್ಟೀಸಿನಲ್ಲಿ ರಂಜಾನ್ ಬಂತೆಂದರೆ ಉಪವಾಸದಲ್ಲೇ ಬಿಸಿಲಿಗೆ ನಿಲ್ಲುತ್ತಿದ್ದರು. ಪಾಪ, ಹುಡುಗಿಯರು ಅವರ ಮುಂದೆ ನೀರು ಕುಡಿಯಬಾರದೆಂದು ಬಾಟಲಿಗಳನ್ನು ಬ್ಯಾಗಿನ ಹಿಂದೆ ಬಚ್ಚಿಟ್ಟರಂತೆ. ಇವರಿಗೆ ಸಿಟ್ಟು ಬಂದುಬಿಟ್ಟಿತು. "ರೋಜಾ ನಂದು, ಬಾಯಾರಿಕೆ ನಿಮ್ದು! ಕುಡೀರಿ ಮೊದಲು," ಎಂದು ಒಬ್ಬೊಬ್ಬಳ ಕೈಗೂ ತಾವೇ ಬಾಟಲಿ ಕೊಟ್ಟರಂತೆ.

ಇದನ್ನೆಲ್ಲ ನನಗೆ ಹೇಳಿದವಳು ನನ್ನ ಮಗಳು ಇಂಚರ. ಕೋವಿಡ್ ವರ್ಷ ಸ್ಕೂಲು ಮುಚ್ಚಿ, ಅವಳು ಹಗಲೆಲ್ಲ ಹಾಸಿಗೆಯ ಮೇಲೆ ಫೋನು ಹಿಡಿದು ಬಿದ್ದುಕೊಂಡಿರುತ್ತಿದ್ದಳು. ನಾನು ಕಿರುಚಿದ್ದು ಬೀದಿಗೆಲ್ಲ ಕೇಳುತ್ತಿತ್ತೇನೋ. ಎದುರು ಮನೆಯ ಅಂಕಲ್ ಒಂದು ಬೆಳಿಗ್ಗೆ ಹಳೇ ಪ್ಯಾಡು, ಒಂದು ಬುಟ್ಟಿ ಟೆನಿಸ್ ಚೆಂಡು ತಂದು ನಮ್ಮ ಗ್ಯಾರೇಜಿನ ಮುಂದೆ ಇಳಿಸಿದರು. "ಕಳಿಸಮ್ಮಾ ಆ ಹುಡುಗೀನ. ಆರಡಿ ದೂರದಿಂದಲೇ ಎಸೀತೀನಿ, ಕೋವಿಡ್ ಬರಲ್ಲ," ಎಂದರು. ಗ್ಯಾರೇಜಿನ ಬಾಗಿಲೇ ಗೋಲು. ಆ ಬೇಸಿಗೆಯೆಲ್ಲ ಢಣ್ ಢಣ್ ಎಂಬ ಸದ್ದು. ಬಡಾವಣೆಯ ಸಂಘದಿಂದ ತಕರಾರು ಬಂದಾಗ ಅಂಕಲ್ ಅವರಿಗೆಲ್ಲ ಸಮೋಸ ಹಂಚಿ ಬಾಯಿ ಮುಚ್ಚಿಸಿದರು. ಬಾಗಿಲು ಸೊಟ್ಟಗಾಯಿತು, ಮಗಳು ನೆಟ್ಟಗಾದಳು. ಇವಳಿಗೆ ಕೀಪರಿನ ಕಣ್ಣಿದೆ ಎಂದು ಅಂಕಲ್ ಬೀದಿಯಲ್ಲೆಲ್ಲ ಸಾರಿಕೊಂಡು ಬಂದರು.

ಸ್ಕೂಲು ಮುಗಿಯುವ ವರ್ಷ ಎರಡು ಕಾಲೇಜುಗಳು ಅವಳನ್ನು ಹಾಕಿ ಆಡಲು ಕರೆದವು. ಒಂದು ಮೇರಿಲ್ಯಾಂಡಿನ ಸಣ್ಣ ಕಾಲೇಜು. ಅಲ್ಲಿ ಫುಟ್‌ಬಾಲೂ ಇಲ್ಲ, ಟಿ.ವಿ.ಯೂ ಇಲ್ಲ, ಅಲ್ಲಿನ ಕೋಚ್ ಮಾತ್ರ ಎಷ್ಟು ಸಲ ಫೋನ್ ಮಾಡಿ ಮಾತಾಡಿದರೋ. ಇನ್ನೊಂದು ಅಂಕಲ್ ಕಲಿಸುತ್ತಿದ್ದ ನಮ್ಮ ಪಕ್ಕದ ಕಾಲೇಜು. ಅದೇ ಹೊತ್ತಿಗೆ ಈ ಕಾಲೇಜಿಗೆ ದೊಡ್ಡ ಕಾನ್ಫರೆನ್ಸಿನಿಂದ ಕರೆ ಬಂತು. ಕಾನ್ಫರೆನ್ಸ್ ಅಂದರೆ ನಮ್ಮ ಕಡೆಯ ಸಭೆ ಸಮ್ಮೇಳನವಲ್ಲ. ಒಂದರೊಡನೊಂದು ಆಡುವ ಕಾಲೇಜುಗಳ ಕೂಟ. ಹಿಂದೆಲ್ಲ ಅದು ನೆರೆಹೊರೆಯವರ ಕೂಟವಾಗಿತ್ತು. ಬಸ್ಸು ಹತ್ತಿದರೆ ಹೋಗಿ ಆಡಿ ಬರಬಹುದಿತ್ತು. ಈಗ ಆಟ ತೋರಿಸಲು ದುಡ್ಡು ಕೊಡುವ ಟಿ.ವಿ.ಯವರಿಗೆ ಪೂರ್ವದಲ್ಲಿ ಮಧ್ಯಾಹ್ನ ಒಂದು ಆಟ ಬೇಕು, ಪಶ್ಚಿಮದಲ್ಲಿ ರಾತ್ರಿ ಒಂದು ಆಟ ಬೇಕು. ಅದಕ್ಕೇ ಒಂದು ಸಮುದ್ರದ ದಂಡೆಯವರನ್ನು ಇನ್ನೊಂದು ಸಮುದ್ರದ ದಂಡೆಯವರ ಜೊತೆ ಕಟ್ಟಿಹಾಕುವುದು. ದುಡ್ಡು ಬರುವುದು ಫುಟ್‌ಬಾಲಿನಿಂದ, ಕೂಟ ಸೇರಿದ ಮೇಲೆ ತಿರುಗಬೇಕಾದ್ದು ಎಲ್ಲ ಆಟದ ಮಕ್ಕಳೂ.

ಕಾಲೇಜಿನವರು ಪೋಷಕರನ್ನು, ಹಳೆಯ ಆಟಗಾರರನ್ನು ಕೂರಿಸಿಕೊಂಡು ಒಂದು ಸಭೆ ನಡೆಸಿದರು. ನಾನೂ ಹೋಗಿದ್ದೆ. ಹಾಕಿ ಹುಡುಗಿಯರ ತಾಯ್ತಂದೆಯರಿಗೆ ದಿಗಿಲು: ಇಷ್ಟು ದೂರ ಓಡಾಡಿದರೆ ಮಕ್ಕಳು ಓದುವುದು ಯಾವಾಗ? ಹೆಡ್ ಕೋಚ್ ಕೂಡ ಮುಖ ಗಂಟು ಹಾಕಿಕೊಂಡೇ ಕೂತಿದ್ದಳು. ಆಗ ಎದ್ದು ನಿಂತವರು ಅಂಕಲ್. ಮೈಕು ಹಿಡಿದರೆ ಅವರ ಇಂಗ್ಲಿಷು ಶಾಂತಿನಗರಕ್ಕೆ ಹೊರಟುಬಿಡುತ್ತಿತ್ತು, ಆದರೂ ಎಲ್ಲರೂ ಕೇಳಿದರು. ಕಾರ್ಖಾನೆಯ ಕಥೆ ಹೇಳಿದರು. ದೊಡ್ಡ ಆರ್ಡರ್ ಬಂದ ವರ್ಷ ಕ್ಯಾಂಟೀನಿನ ಸಾಂಬಾರಿಗೂ ಬೇಳೆ ಬೀಳುತ್ತಿತ್ತು, ಹಾಕಿ ತಂಡಕ್ಕೂ ಹೊಸ ಬೂಟು ಬರುತ್ತಿತ್ತು. ಆರ್ಡರ್ ನಿಂತಾಗ ತಂಡ ಸತ್ತಿತು. ದುಡ್ಡು ಬರುವ ಬಾಗಿಲನ್ನು ಮುಚ್ಚಬೇಡಿ, ಫುಟ್‌ಬಾಲಿನ ಹುಡುಗರು ಉಂಡರೆ ನಮ್ಮ ಹುಡುಗಿಯರ ತಟ್ಟೆಗೂ ಬೀಳುತ್ತದೆ ಎಂದರು. ಚಪ್ಪಾಳೆಯೋ ಚಪ್ಪಾಳೆ. ಕಾಲೇಜಿನ ಸೂಟುಧಾರಿಗಳಂತೂ ಎದ್ದು ನಿಂತು ತಟ್ಟಿದರು. ತಮಗೆ ಬೇಕಾದ ಮಾತನ್ನು ಎಲ್ಲರೂ ಪ್ರೀತಿಸುವ ಮುದುಕನ ಬಾಯಿಂದ ಕೇಳುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ.

ಅದಾದ ವಾರವೇ ನಮ್ಮ ಅಡುಗೆಮನೆಯ ಟೇಬಲಿಗೆ ಬಂದು ಕೂತರು. ನನಗೆ ಮೇರಿಲ್ಯಾಂಡಿನ ಕಡೆ ಮನಸ್ಸಿತ್ತು. ಸಣ್ಣ ಜಾಗ, ಮಗುವಿನ ಮೇಲೆ ಕಣ್ಣಿಡುತ್ತಾರೆ ಎಂದೆ.

"ಒಳ್ಳೆ ಜಾಗಾನೇ ಅಮ್ಮಾ, ನಾನು ಇಲ್ಲ ಅನ್ನಲ್ಲ," ಎಂದರು. "ಆದ್ರೆ ಅಲ್ಲಿ ದುಡ್ಡಿಲ್ಲ. ಅವರ ಮೈದಾನಕ್ಕೆ ಹಾಸಿರೋ ಟರ್ಫ್ ಅಂಚು ಎದ್ದು ಹೋಗಿದೆ, ಫೋಟೋದಲ್ಲೇ ಕಾಣ್ತದೆ. ನಾಳೆ ಟೀಮ್ ಇರ್ತದೋ ಇಲ್ವೋ ಯಾರಿಗ್ ಗೊತ್ತು? ಇಲ್ಲಿ ಟಿ.ವಿ. ಬರ್ತಾ ಇದೆ. ನಾಲ್ಕು ವರ್ಷ ನಿಶ್ಚಿಂತೆಯಾಗಿ ಆಡ್ತಾಳೆ. ನನ್ನ ಮಾತು ನಂಬು." ಹಾಗೆನ್ನುವಾಗ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು.

ಮಗಳು ಫ್ರಿಜ್ಜಿಗೆ ಒರಗಿ ನಿಂತು ಕೇಳುತ್ತಿದ್ದಳು. "ಓಕೆ ಚಾಚಾ, ಐ ವಿಲ್ ಪ್ಲೇ ಹಿಯರ್," ಎಂದಳು. ಸರಿ, ಸಿಹಿಯಾಗಲಿ ಎಂದು ನಾನು ಹಲ್ವಾ ಕಲಕಿದೆ.

ಮೊದಲ ವರ್ಷ ಏನೂ ಬದಲಾಗಲಿಲ್ಲ. ಮಗಳು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಕಡಲೆಕಾಯಿ ತಿಂದಳು. ಎರಡನೇ ವರ್ಷದಿಂದ ಕಾಲೇಜು ಹೊಸ ಕೂಟದಲ್ಲಿ ಆಡತೊಡಗಿತು. ಆಮೇಲೆ ಎಲ್ಲ ವಿಮಾನ. ಕ್ಯಾಲಿಫೋರ್ನಿಯಾದ ಕಡೆಗೆ ಹೋಗಿ ಒಂದು ಮ್ಯಾಚ್ ಆಡಿ, ಏರ್‌ಪೋರ್ಟಿನ ನೆಲದ ಮೇಲೆ ಕೂತು ಕೆಮಿಸ್ಟ್ರಿ ಪರೀಕ್ಷೆ ಬರೆದು ಬರುವುದು. ಫುಟ್‌ಬಾಲಿನ ಹುಡುಗರಿಗೆ ಬೇರೆ ವಿಮಾನ, ಬೇರೆ ಊಟ. ಹುಡುಗಿಯರಿಗೆ ಸಿಕ್ಕಿದ ಟಿಕೆಟ್ಟು, ಸಿಕ್ಕಿದ ಸೀಟು. ಗೋಲ್‌ಕೀಪರ್ ಬಾಲದಲ್ಲಿ, ಕೋಚ್ ರೆಕ್ಕೆಯ ಮೇಲೆ. ಅಂಕಲ್ ಒಮ್ಮೆ ಮಧ್ಯದ ಸೀಟಿನವನ ಹತ್ತಿರ ಜಾಗ ಬದಲಾಯಿಸಿಕೊಳ್ಳಲು ಕೇಳಿದರಂತೆ. ಅವನು ಹೆಡ್‌ಫೋನ್ ತೆಗೆದು ಮತ್ತೆ ಹಾಕಿಕೊಂಡನಂತೆ. ಮಗಳು ತಾನು ಬಿಟ್ಟ ಗೋಲುಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಮನೆಗೆ ಬರತೊಡಗಿದಳು. ಊಟಕ್ಕೆ ಕರೆದರೆ ಸಿಡುಕು. ಅಂಕಲ್ ಬೆಳಿಗ್ಗೆ ವಾಕಿಂಗಿನಲ್ಲಿ ಸಿಕ್ಕಾಗ, "ಮಾತಾಡಕ್ಕೆ ಜಾಗಾನೇ ಇಲ್ವಲ್ಲಮ್ಮಾ," ಎಂದು ಒದ್ದಾಡುತ್ತಿದ್ದರು. ಕೂಡಲೇ, "ಇರ್ಲಿ, ಹೊಸ ಟರ್ಫ್ ಬರ್ತದೆ," ಎಂದು ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಟರ್ಫು ಬರಲಿಲ್ಲ. ಫುಟ್‌ಬಾಲಿಗೆ ಹೊಸ ಗ್ಯಾಲರಿ ಬಂತು, ಹೊಸ ಕೋಚ್ ಬಂದ. ದೊಡ್ಡ ಕೂಟದಲ್ಲಿ ಒದೆ ತಿನ್ನದೆ ನಿಲ್ಲಬೇಕಾದರೆ ಒಳ್ಳೆಯ ಆಟಗಾರರಿಗೆ ದುಡ್ಡು ಸುರಿಯಬೇಕಂತೆ. ಬಂದ ದುಡ್ಡು ಅದಕ್ಕೇ ಸಾಲದು. ಆನೆ ಸಾಕಿದ ಮೇಲೆ ಕೇಳಬೇಕೇ? ಮನೆಯ ಕೋಳಿ, ಕುರಿ ಎಲ್ಲ ಮಾರಿಯಾದರೂ ಅದರ ಹೊಟ್ಟೆ ತುಂಬಿಸಬೇಕು.

ಮಗಳ ಮೂರನೇ ವರ್ಷದ ಸೀಸನ್ ಮುಗಿದ ಮೇಲೆ ತಂಡವನ್ನೆಲ್ಲ ಒಂದು ವಿಡಿಯೋ ಕಾಲಿಗೆ ಕರೆದರು. ಇಂಚರ ನಮ್ಮ ಊಟದ ಟೇಬಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು, ನಾನು ಹಿಂದೆ ನಿಂತಿದ್ದೆ. ಸೂಟುಧಾರಿಯೊಬ್ಬ ಭಾರವಾದ ಹೃದಯ, ಕಠಿಣ ನಿರ್ಧಾರ ಎಂದೆಲ್ಲ ಓದಿದ. ಹಾಕಿ ತಂಡ ಇನ್ನಿಲ್ಲ. ಸ್ಕಾಲರ್‌ಶಿಪ್ ಉಳಿಯುತ್ತದೆ, ಓದು ಮುಂದುವರಿಸಬಹುದು. ನನ್ನ ಕಾಫಿ ಆರುವಷ್ಟರಲ್ಲಿ ಎಲ್ಲ ಮುಗಿಯಿತು. ಹುಡುಗಿಯರು ಒಬ್ಬೊಬ್ಬರೇ ಕ್ಯಾಮರಾ ಆಫ್ ಮಾಡಿಕೊಂಡರು, ಅಳುವುದಕ್ಕೆ. ಅಂಕಲ್ಲರ ಚೌಕದಲ್ಲಿ ಬರೀ ಫ್ಯಾನು ತಿರುಗುವುದು ಕಾಣುತ್ತಿತ್ತು, ಫೋನನ್ನು ಮೇಜಿನ ಮೇಲೆ ಮಲಗಿಸಿದ್ದರೇನೋ. ಅವರದೊಂದೇ ಪ್ರಶ್ನೆ ಕೇಳಿಸಿತು: ಮೈದಾನವನ್ನು ಏನು ಮಾಡುತ್ತೀರಿ? ಆ ಸೂಟುಧಾರಿ ಕಾಗದ ತಿರುವಿ, ಫುಟ್‌ಬಾಲ್ ಮ್ಯಾಚಿನ ದಿನ ಟಿ.ವಿ.ಯವರ ಟ್ರಕ್ಕುಗಳಿಗೆ ಜಾಗ ಬೇಕಾಗಿದೆ ಎಂದ.

ನನಗೆ ಆ ಮನುಷ್ಯನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಈಗಲೂ ಅನ್ನಿಸುತ್ತದೆ.

ಬೇರೆ ಕಾಲೇಜಿಗೆ ಹೋಗಲು ಇಂಚರಳ ಕೋರ್ಸು ಬಿಡಲಿಲ್ಲ; ಅರ್ಧಕ್ಕರ್ಧ ಮತ್ತೆ ಓದಬೇಕಾಗುತ್ತಿತ್ತು. ಮೇರಿಲ್ಯಾಂಡಿನಲ್ಲಿ ಅಷ್ಟು ಹೊತ್ತಿಗೆ ಬೇರೆ ಕೀಪರ್ ಇದ್ದಳು. "ಐಯಾಮ್ ಡನ್, ಅಮ್ಮಾ," ಎಂದು ಪ್ಯಾಡುಗಳನ್ನು ತನ್ನ ಹಳೇ ಸ್ಕೂಲಿಗೆ ಕೊಟ್ಟು ಬಂದಳು. ಮುಂದೆ ಓದು ಮುಗಿಸಿ ಅಟ್ಲಾಂಟಾ ಕಡೆ ಕೆಲಸಕ್ಕೆ ಹೋದಳು, ಈಗ ಅಲ್ಲೇ ಹತ್ತಿರದ ಲಾರೆನ್ಸ್‌ವಿಲ್‌ನಲ್ಲಿದ್ದಾಳೆ.

ಅಂಕಲ್ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿಬಿಟ್ಟರು. ಏಣಿಯೂ ಬೇಡ, ಕೊತ್ತಂಬರಿಯೂ ಇಲ್ಲ. ವಾಕಿಂಗಿನ ದಾರಿ ಬದಲಾಯಿಸಿದರು. ಕಾರು ಒಳಗೆ ಹೋಗುತ್ತಿದ್ದಂತೆ ಗ್ಯಾರೇಜಿನ ಬಾಗಿಲು ಇಳಿಯುತ್ತಿತ್ತು. ಇಂಚರ ಈದ್‌ಗೆ ಮೆಸೇಜ್ ಕಳಿಸಿದರೆ ಒಂದು ಕೈಮುಗಿದ ಚಿತ್ರ ಮಾತ್ರ ಬರುತ್ತಿತ್ತು. ಅವರಿಗೆ ಬೇಜಾರಿದೆ, ತೊಂದರೆ ಕೊಡಬಾರದು ಎಂದು ಅವಳೂ ಸುಮ್ಮನಾದಳು.

ಕಡೆಗೆ ಇಂಡಿಯನ್ ಅಂಗಡಿಯಲ್ಲಿ, ಕರಿಬೇವಿನ ಮುಂದೆ, ಸಿಕ್ಕಿಬಿದ್ದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ, ನನ್ನ ಸಾಮಾನಿನ ತಳ್ಳುಗಾಡಿ ಅಡ್ಡ ಇತ್ತು. ಏನು ಅಂಕಲ್, ನಮ್ಮನ್ನೆಲ್ಲ ಮರೆತೇಬಿಟ್ರಾ ಎಂದು ರೇಗಿಸಿದೆ. ಅವರು ಕರಿಬೇವಿನ ಕಡ್ಡಿಗಳನ್ನು ಎಣಿಸುವವರಂತೆ ನೋಡುತ್ತ ನಿಂತರು.

"ದುಡ್ಡಿಲ್ಲದೆ ಸತ್ತ ಟೀಮ್ ನೋಡಿದ್ದೆ ಅಮ್ಮಾ," ಎಂದರು. "ದುಡ್ಡು ಬಂದು ಸಾಯೋ ಟೀಮ್ ನೋಡಿರ್ಲಿಲ್ಲ. ಇದೂ ಫ್ಯಾಕ್ಟರಿ ಅಂದ್ಕೊಂಡೆ. ಫ್ಯಾಕ್ಟರಿಯಲ್ಲಿ ನಾವು ಮನೆ ಜನ. ಇದು ಅಂಗಡಿ. ಇಲ್ಲಿ ನಾವು ಸಾಮಾನು. ಬಿಕರಿ ಆಗದೇ ಇರೋ ಸಾಮಾನು."

"ಬಿಡಿ ಅಂಕಲ್, ಆಗಿದ್ದಾಯ್ತು. ನೀವೇನ್ ಮಾಡಕ್ಕಾಗುತ್ತೆ?"

"ಮೇರಿಲ್ಯಾಂಡ್ ಬೇಡ ಅಂದೋನು ನಾನೇ ಅಲ್ವಾ," ಎಂದು ಗಾಡಿ ಪಕ್ಕಕ್ಕೆ ಸರಿಸಿಕೊಂಡು ಹೊರಟುಹೋದರು. ಕೊಳ್ಳಲು ಬಂದದ್ದನ್ನೂ ಕೊಳ್ಳಲಿಲ್ಲ. ಆ ಚಳಿಗಾಲವೇ ಮನೆ ಮಾರಿ ಗೈದರ್ಸ್‌ಬರ್ಗಿಗೆ ಮಗನ ಹತ್ತಿರ ಹೋದರು.

ಆಂಟಿಯನ್ನು ಮಾತಾಡಿಸಿ ಬರೋಣವೆಂದು ಹೋದ ವಾರ ನಾನೊಬ್ಬಳೇ ಗೈದರ್ಸ್‌ಬರ್ಗಿಗೆ ಡ್ರೈವ್ ಮಾಡಿಕೊಂಡು ಹೋದೆ. ಆಂಟಿ ಇಳಿದುಹೋಗಿದ್ದಾರೆ, ಆದರೂ ಚಹಾ ಮಾಡಿ ಕೊಡುವವರೆಗೆ ಕೂರಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು. ಇಂಚರಳನ್ನು ಕರೆದಿದ್ದ ಆ ಸಣ್ಣ ಕಾಲೇಜು ಅವರ ಮನೆಯಿಂದ ಹೆಚ್ಚು ದೂರವಿಲ್ಲವಂತೆ. ಹಾಕಿ ಸೀಸನ್ನಿನಲ್ಲಿ ಅಂಕಲ್ ಪ್ರತಿ ಶನಿವಾರ ಅಲ್ಲಿಗೆ ಹೋಗಲೇಬೇಕಿತ್ತಂತೆ. ಕಣ್ಣು ಮಂಜಾಗಿದ್ದರಿಂದ ಆಂಟಿಯೇ ಕಾರು ಓಡಿಸುತ್ತಿದ್ದರು. ಅಂಚು ಎದ್ದ ಅದೇ ಟರ್ಫು. ಅಲ್ಲಿನ ಹುಡುಗಿಯರು ಬಸ್ಸಿನಲ್ಲಿ ಹೋಗುತ್ತಾರೆ, ಬಸ್ಸಿನಲ್ಲಿ ಬರುತ್ತಾರೆ, ಆಡುತ್ತಲೇ ಇದ್ದಾರೆ.

"ಬೆಂಚಲ್ಲಿ ಕೂತು ಆ ಕೀಪರ್ ಹುಡುಗೀನ ಬೈಯೋದೇ ಕೆಲಸ," ಎಂದರು ಆಂಟಿ. "ಗೋಲ್ ಆದಾಗೆಲ್ಲ, ಇದನ್ನ ನಮ್ ಇಂಚರ ಬಿಡ್ತಿರ್ಲಿಲ್ಲ, ಅನ್ನೋರು. ಒಂದಿನ ಆ ಕೋಚಮ್ಮ ಗುರುತು ಹಿಡಿದು ಬಂದ್ಲು. ನಮ್ ಕೀಪರಿಗೆ ಸ್ವಲ್ಪ ಹೇಳ್ಕೊಡ್ತೀರಾ ಅಂತ ಕೇಳಿದ್ಲು. ಇವರು ಒಪ್ಲಿಲ್ಲ. ಒಬ್ಬ ಹುಡುಗಿಗೆ ಹೇಳಿದ್ದೇ ಸಾಕು ಅಂದ್ಬಿಟ್ರು." ಚಹಾದ ಲೋಟವನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ನಿನ್ನ ಮಗಳ ಸಿಟ್ಟು ಇಳೀತಾ ಅಮ್ಮಾ? ಆಸ್ಪತ್ರೆಯಲ್ಲೂ ಅದನ್ನೇ ಕೇಳ್ತಿದ್ರು."

ಅಲ್ಲೇ, ಆಂಟಿಯ ಎದುರಿಗೇ, ಇಂಚರಳಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಚಾಚಾನ ಮೇಲೆ ನಿನಗೆ ಸಿಟ್ಟಿತ್ತೇನೇ ಎಂದು ಕೇಳಿದೆ, ಆ ಕಾಲೇಜಿಗೆ ಸೇರಿಸಿದ್ದಕ್ಕೆ.

"ಸಿಟ್ಟಾ? ವೈ?" ಎಂದಳು. ಆಮೇಲೆ ತನ್ನ ತೊದಲು ಕನ್ನಡದಲ್ಲಿ, "ನಾನು ಟಿ.ವಿ.ಗೆ ಅಂತ ಹೋಗಿಲ್ಲ ಅಮ್ಮಾ. ಚಾಚಾ ಇದ್ದಾರೆ ಅಂತ ಹೋದೆ. ಅವರು ಮೇರಿಲ್ಯಾಂಡ್‌ನಲ್ಲಿ ಇದ್ರೆ ಅಲ್ಲಿಗೆ ಹೋಗ್ತಿದ್ದೆ. ಹೀ ನ್ಯೂ ದಟ್, ರೈಟ್?" ಎಂದಳು.

ಆಂಟಿ ಫೋನನ್ನೇ ನೋಡುತ್ತಿದ್ದರು. ಸೆರಗಿನಿಂದ ಬಾಯಿ ಒತ್ತಿಕೊಂಡು, ಬಹಳ ಮೆಲ್ಲಗೆ, "ಇದನ್ನ ಒಂದು ಸಲ ಬಂದು ಅವರಿಗೆ ಹೇಳ್ಬಾರ್ದಿತ್ತಾ ಮಗಳೇ?" ಎಂದರು.